ವಾಸಿಯಾದ ಮೇಲೂ ಉಳಿಯುವ ದಣಿವು

ಪ್ರಶ್ನೆ: ಕೋವಿಡ್ ಬಂದುಹೋಗಿ ನಾಲ್ಕು ತಿಂಗಳಾದರೂ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲೇರಿದರೆ ಏದುಸಿರು, ಮರುದಿನ ಏಳಲಾಗದಷ್ಟು ಸುಸ್ತು. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಪರಿಹಾರವೇನು?
— ಓದುಗರು, ವಿಜಯನಗರ

ಉತ್ತರ: ಇದು ಸೋಮಾರಿತನವಲ್ಲ. ಸಾಮಾನ್ಯವಾಗಿ ಸೋಂಕಿನ 3 ತಿಂಗಳ ವೇಳೆಗೆ ಕಂಡುಬಂದು, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಇಂಥ ಲಕ್ಷಣಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ‘ಕೋವಿಡ್ ನಂತರದ ಸ್ಥಿತಿ’ ಎಂದು ನಿರೂಪಿಸಿತು. ಸೌಮ್ಯವಾಗಿ ಸೋಂಕು ತಗುಲಿದವರಲ್ಲೂ ಇದು ಕಾಣಿಸಿಕೊಳ್ಳಬಹುದು.

ಆದರೆ ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ, ಹೃದಯ ಮತ್ತು ಶ್ವಾಸಕೋಶದ ತೊಂದರೆಗಳೂ ಇದೇ ರೂಪದಲ್ಲಿ ತೋರುವುದರಿಂದ, ರಕ್ತಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ ಹಾಗೂ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿಯ ಅಗತ್ಯವನ್ನು ವೈದ್ಯರು ಮೊದಲು ನಿರ್ಧರಿಸಬೇಕು. ಇಎಸ್‌ಐ ವಿಮೆಯುಳ್ಳವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಸಮೀಪದಲ್ಲೇ ಇದೆ.

ಶ್ರಮಪಟ್ಟ ಮರುದಿನ ಲಕ್ಷಣಗಳು ಉಲ್ಬಣಿಸುವುದನ್ನು ಶ್ರಮೋತ್ತರ ಬಳಲಿಕೆ ಎನ್ನಲಾಗುತ್ತದೆ. ಇದಿರುವವರು ಹಟದಿಂದ ವ್ಯಾಯಾಮ ಹೆಚ್ಚಿಸದೆ, ಕೆಲಸವನ್ನು ಸಣ್ಣ ಭಾಗಗಳಾಗಿ ಹಂಚಿಕೊಂಡು, ದಣಿವು ಆವರಿಸುವ ಮೊದಲೇ ವಿಶ್ರಮಿಸುವುದು ಸೂಕ್ತ. 2021ರ ಎರಡನೇ ಅಲೆಯಲ್ಲಿ ಅನಿಯಂತ್ರಿತ ಮಧುಮೇಹ ಮತ್ತು ಸ್ಟೀರಾಯ್ಡ್‌ಗಳ ಅತಿಬಳಕೆಯು ಕಪ್ಪು ಶಿಲೀಂಧ್ರ ಸೋಂಕಿಗೆ ದಾರಿಯಾದುದನ್ನು ನೆನೆದು, ಸ್ವಯಂ ಔಷಧೋಪಚಾರವನ್ನು ಸಂಪೂರ್ಣವಾಗಿ ವರ್ಜಿಸಬೇಕು.

ಎದೆನೋವು, ಪ್ರಜ್ಞೆ ತಪ್ಪುವಿಕೆ, ವಿಶ್ರಾಂತಿಯಲ್ಲೂ ಉಸಿರಾಟದ ಕಷ್ಟ ಅಥವಾ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಅಂಕಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಮನೆಯವರು ದೂಷಣೆಯನ್ನು ಬಿಟ್ಟು ಮನೆಗೆಲಸದಲ್ಲಿ ಕೈಜೋಡಿಸಲಿ.