ಬಲಮುರಿ ಅಣು, ಎಡಮುರಿ ಅಣು

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯು ತೆಂಗಿನ ಸೀಮೆಗೆ ಸೇರಿದ ಊರು. ಅಲ್ಲಿಯ ತೋಟಗಳಲ್ಲಿ ನಿತ್ಯವೂ ಬಳಕೆಯಾಗುವ ನಾರಿನ ಹಗ್ಗದ ತುಂಡೊಂದನ್ನು ನಾವು ಪರೀಕ್ಷಿಸೋಣ. ಅದರ ಹುರಿಯು ಬಲಮುರಿಯಾಗಿದ್ದರೆ ಹಗ್ಗವನ್ನು ತಲೆಕೆಳಗು ಮಾಡಿದರೂ ಬಲಮುರಿಯಾಗಿಯೇ ಇರುತ್ತದೆ. ಕನ್ನಡಿಯಲ್ಲಿ ಕಾಣುವ ಅದರ ಪ್ರತಿಬಿಂಬ ಮಾತ್ರ ಎಡಮುರಿ. ನಾರು ಅದೇ, ಎಳೆಗಳ ಸಂಖ್ಯೆಯೂ ಅದೇ. ಆದರೂ ಒಂದು ಮತ್ತೊಂದಾಗಲಾರದು.

ಕೆಲವು ಅಣುಗಳಲ್ಲಿಯೂ ಇಂತಹ ಭೇದವುಂಟು. ಒಂದೇ ತಲದಲ್ಲಿ ಕಂಪಿಸುವ ಧ್ರುವೀಕೃತ ಬೆಳಕನ್ನು ಅವುಗಳ ದ್ರಾವಣದಲ್ಲಿ ಹಾಯಿಸಿದರೆ, ಒಂದು ರೂಪವು ಆ ತಲವನ್ನು ಒಂದು ಕಡೆಗೆ ತಿರುಗಿಸುತ್ತದೆ; ಅದರ ಪ್ರತಿಬಿಂಬವು ಅಷ್ಟೇ ಪ್ರಮಾಣದಲ್ಲಿ ಇನ್ನೊಂದು ಕಡೆಗೆ ತಿರುಗಿಸುತ್ತದೆ. ಆದುದರಿಂದಲೇ ಇದಕ್ಕೆ ದ್ಯುತಿ ಸಮಾಂಗತೆಯೆಂದು ಹೆಸರು.

ಈ ಗುಣವೇ ಒಮ್ಮೆ ರಸಾಯನಶಾಸ್ತ್ರದ ದೊಡ್ಡ ವಿವಾದವೊಂದನ್ನು ತೀರ್ಮಾನಿಸಿತು. ಕೋಬಾಲ್ಟಿನ ಸಂಕೀರ್ಣ ಲವಣಗಳಲ್ಲಿ ಲೋಹದ ಸುತ್ತಲೂ ಆರು ಗುಂಪುಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿ ನಿಂತಿವೆಯೆಂದು 1893ರಲ್ಲಿ ಜ್ಯೂರಿಚ್ ನಗರದ ಆಲ್ಫ್ರೆಡ್ ವರ್ನರನು ಸಾರಿದನು. ಅವು ಸರಪಣಿಯಂತೆ ಜೋಡಣೆಗೊಂಡಿವೆಯೆಂಬುದು ಡೆನ್ಮಾರ್ಕಿನ ಯೋರ್ಗೆನ್ಸನ್ ಎಂಬ ವಿದ್ವಾಂಸನ ಮತ. ಅಣುವನ್ನು ಕಣ್ಣಾರೆ ಕಂಡವರಾರು?

ವರ್ನರನ ತರ್ಕವನ್ನು ಗಮನಿಸೋಣ. ಎಥಿಲೀನ್ ಡೈಅಮೀನ್ ಅಣುವು ಲೋಹವನ್ನು ಎರಡು ಕೈಗಳಿಂದ ಹಿಡಿಯುತ್ತದೆ. ಅಂತಹ ಮೂರು ಅಣುಗಳು ಅಷ್ಟಮುಖಿಯ ಆರೂ ಮೂಲೆಗಳನ್ನು ಆಕ್ರಮಿಸಿದರೆ, ಹಗ್ಗದ ಮೂರು ಎಳೆಗಳಂತೆ ಅವು ಒಂದೇ ಕಡೆಗೆ ಓರೆಯಾಗಿ ನಿಲ್ಲಬೇಕು. ಬಲಮುರಿ, ಎಡಮುರಿ ಎಂಬ ಎರಡು ರೂಪಗಳು ದೊರೆಯಬೇಕು. ಆರು ಮೂಲೆಗಳೂ ಒಂದೇ ಸಮತಲದಲ್ಲಿದ್ದರೆ ಈ ಭೇದಕ್ಕೆ ಎಡೆಯೇ ಇಲ್ಲ.

ಆದರೆ ಲವಣವನ್ನು ತಯಾರಿಸಿದಾಗ ಎರಡು ರೂಪಗಳೂ ಸಮವಾಗಿ ಬೆರೆತಿರುವುದರಿಂದ ಬೆಳಕು ತಿರುಗುವುದಿಲ್ಲ. ಅವುಗಳನ್ನು ಬೇರ್ಪಡಿಸಲು, ಕರ್ಪೂರದಿಂದ ಪಡೆದ, ಒಂದೇ ಮುರಿಯುಳ್ಳ ಆಮ್ಲವನ್ನು ಬಳಸಿದರು. ಅದರೊಡನೆ ಕೂಡಿದ ಎರಡು ರೂಪಗಳ ಕರಗುವಿಕೆ ಒಂದೇ ಆಗಿರುವುದಿಲ್ಲ. ಒಂದು ಮೊದಲು ಹರಳುಗಟ್ಟುತ್ತದೆ. ಹೀಗೆ 1911ರಲ್ಲಿ ವರ್ನರನೂ ಅವನ ಅಮೆರಿಕನ್ ಶಿಷ್ಯ ವಿಕ್ಟರ್ ಕಿಂಗನೂ ಎರಡು ಎಥಿಲೀನ್ ಡೈಅಮೀನ್‌ಗಳಿರುವ ಕೋಬಾಲ್ಟ್ ಲವಣವೊಂದನ್ನು ವಿಂಗಡಿಸಿದರು. 1912ರಲ್ಲಿ ಮೂರಿರುವ ಲವಣವೂ ಇಬ್ಭಾಗವಾಯಿತು. 1913ರಲ್ಲಿ ವರ್ನರನಿಗೆ ನೊಬೆಲ್ ಬಹುಮಾನ ಸಂದಿತು.

ಆಗಲೂ ಒಂದು ಸಂದೇಹ ಉಳಿದಿತ್ತು. ಎಥಿಲೀನ್ ಡೈಅಮೀನ್‌ನಲ್ಲಿ ಇಂಗಾಲವಿದೆ. ಬೆಳಕನ್ನು ತಿರುಗಿಸಿದ್ದು ಅದೇ ಏಕಾಗಿರಬಾರದು? 1914ರಲ್ಲಿ ವರ್ನರನು ಇಂಗಾಲದ ಲೇಶವೂ ಇಲ್ಲದ, ನಾಲ್ಕು ಕೋಬಾಲ್ಟ್ ಪರಮಾಣುಗಳುಳ್ಳ ಸಂಕೀರ್ಣವೊಂದನ್ನು ವಿಂಗಡಿಸಿ ತೋರಿಸಿದನು. ಅದೂ ಬೆಳಕನ್ನು ತಿರುಗಿಸಿತು! ಎಡ-ಬಲಗಳ ಭೇದವು ಇಂಗಾಲದ ಸೊತ್ತಲ್ಲ, ಜೋಡಣೆಯ ಫಲವೆಂಬುದು ಇದರಿಂದ ಸಿದ್ಧವಾಯಿತು. ಹಗ್ಗದ ಮುರಿಯೂ ನಾರಿನಲ್ಲಿಲ್ಲ, ಹೊಸೆದ ಬಗೆಯಲ್ಲಿದೆಯಷ್ಟೆ.