ಕುತ್ತಿಗೆಯ ಉಸಿರುನಳಿಕೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿ

ಗಂಟಲಿನ ಕ್ಯಾನ್ಸರ್, ತಲೆಗೆ ಪೆಟ್ಟು, ದೀರ್ಘಕಾಲದ ವೆಂಟಿಲೇಟರ್ ಚಿಕಿತ್ಸೆ ಮುಂತಾದ ಕಾರಣಗಳಿಂದ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಅಳವಡಿಸುವುದುಂಟು. ಇದೇ ಟ್ರೆಕಿಯಾಸ್ಟಮಿ. ಕೆಲವರು ನಳಿಕೆಯೊಂದಿಗೇ ಊರಿಗೆ ಮರಳುತ್ತಾರೆ. ಕೆಜಿಎಫ್, ಬಂಗಾರಪೇಟೆ ಭಾಗದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಲ್ಲಿ ದುಡಿದು, ಕಲ್ಲುಧೂಳಿನಿಂದ ಸಿಲಿಕೋಸಿಸ್‌ಗೆ ತುತ್ತಾದ ಹಿರಿಯರ ಶ್ವಾಸಕೋಶ ಮೊದಲೇ ಸೊರಗಿರುತ್ತದೆ; ಉಸಿರು ತಪ್ಪಿದರೆ ತಾಳುವ ಶಕ್ತಿ ಅವರಿಗೆ ಕಡಿಮೆ.

ಶಸ್ತ್ರಕ್ರಿಯೆಯ ನಂತರದ ಮೊದಲ ವಾರ ರಂಧ್ರದ ದಾರಿ ಗಟ್ಟಿಯಾಗಿರುವುದಿಲ್ಲ. ಆಗ ಬದಲಿಸಲು ಹೋದರೆ ಹೊಸ ನಳಿಕೆ ಶ್ವಾಸನಾಳವನ್ನು ಬಿಟ್ಟು ಪಕ್ಕದ ಮಾಂಸಕ್ಕೆ ನುಗ್ಗಬಹುದು. ದಪ್ಪ ಕುತ್ತಿಗೆ, ಗಡ್ಡೆ, ವಿಕಿರಣ ಚಿಕಿತ್ಸೆಯಿಂದ ಬಿಗಿದ ಚರ್ಮ ಇದ್ದವರಲ್ಲಿ ಈ ಅಪಾಯ ಮುಂದೆಯೂ ಉಳಿಯುತ್ತದೆ. ಅಂಥವರಲ್ಲಿ ವೈದ್ಯರು ಹಳೆಯ ನಳಿಕೆಯೊಳಗೆ ಬಾಗುವ ಉದ್ದನೆಯ ಕಡ್ಡಿಯನ್ನಿಳಿಸಿ, ಹಳೆಯದನ್ನು ಅದರ ಮೇಲಿನಿಂದಲೇ ತೆಗೆದು ಹೊಸದನ್ನು ಜಾರಿಸುತ್ತಾರೆ. ಹಗ್ಗ ಬಿಡದೆ ಕೊಡ ಬದಲಿಸಿದಂತೆ. ಇದು ಆಸ್ಪತ್ರೆಯ ಕೆಲಸ, ಮನೆಯದಲ್ಲ.

ಮನೆಯಲ್ಲಿ ಅದೇ ಅಳತೆಯದೊಂದು, ಒಂದಳತೆ ಚಿಕ್ಕದೊಂದು ನಳಿಕೆ ಹಾಸಿಗೆಯ ಬಳಿಯೇ ಇರತಕ್ಕದ್ದು. ನಳಿಕೆ ಕಳಚಿದರೆ ತರಬೇತಿಯಿಲ್ಲದವರು ಬಲವಂತವಾಗಿ ತೂರಿಸಬಾರದು. 108ಕ್ಕೆ ಕರೆಮಾಡುವಾಗ ಕುತ್ತಿಗೆಯಲ್ಲಿ ನಳಿಕೆಯಿರುವ ರೋಗಿಯೆಂದು ಮೊದಲೇ ತಿಳಿಸಬೇಕು. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಮೂಗು, ಬಾಯಿಗೆ ಹಿಡಿದ ಆಮ್ಲಜನಕ ಶ್ವಾಸಕೋಶವನ್ನು ಮುಟ್ಟದು, ರಂಧ್ರಕ್ಕೇ ಹಿಡಿಯಬೇಕು. ಆಂಬುಲೆನ್ಸ್ ಸಿಬ್ಬಂದಿಗೆ ಇದನ್ನು ಹೇಳಲು ಮನೆಯವರು ಸಂಕೋಚಪಡಬಾರದು.

ಕಫ ಹೀರುವ ಯಂತ್ರ ವಿದ್ಯುತ್ತಿಲ್ಲದೆ ನಡೆಯದಿದ್ದರೆ ಕಾಲಿನಿಂದ ಒತ್ತುವ ಯಂತ್ರ ಬೇಕಾಗುತ್ತದೆ. ಇಂಥ ಮನೆಗಳು ಯಾವುವು, ಆ ಓಣಿಗೆ ಆಂಬುಲೆನ್ಸ್ ಹೋಗುವುದೇ ಎಂಬುದನ್ನು ಸದಸ್ಯರು ಆಶಾ ಕಾರ್ಯಕರ್ತೆಯರೊಡನೆ ಗುರುತಿಸಿಡುವುದು ಸೂಕ್ತ.