ನೆನೆದ ಗೊಂಬೆಗಳ ಆರೈಕೆ

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಶರನ್ನವರಾತ್ರಿಯ ಕಾಲದಲ್ಲಿ ಗೊಂಬೆ ಕೂರಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಇವುಗಳಲ್ಲಿ ಪಟ್ಟದ ಗೊಂಬೆಗಳಿಗೆ ಮೊದಲ ಸ್ಥಾನ. ರಾಜ ರಾಣಿಯರ ರೂಪದ ಈ ಮರದ ಜೋಡಿಯನ್ನು ತಾಯಿ ಮಗಳಿಗೆ ಮದುವೆಯ ಕಾಲದಲ್ಲಿ ಕೊಡುವುದುಂಟು. ಹಬ್ಬ ಮುಗಿದೊಡನೆ ಗೊಂಬೆಗಳು ಹಳೆಯ ಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟವನ್ನೇರುತ್ತವೆ; ಇಡೀ ಮಳೆಗಾಲವನ್ನು ಪೆಟ್ಟಿಗೆಯ ಕತ್ತಲೆಯಲ್ಲಿಯೇ ಕಳೆಯುತ್ತವೆ. ಒಡೆದ ಒಂದು ಹೆಂಚಿನ ಮೂಲಕ ನೀರು ಸೋರಿದರೂ ಸಾಕು, ಅಜ್ಜಿಯ ಕಾಲದ ವಸ್ತು ಒಂದೇ ರಾತ್ರಿಯಲ್ಲಿ ನೆನೆದು ಹಾಳಾಗಬಹುದು.

ಇಂತಹ ಸಮಯದಲ್ಲಿ ಮನೆಯವರಿಗೆ ಮೊದಲು ತೋಚುವುದು ಗೊಂಬೆಗಳನ್ನು ತೊಳೆದು ಬಿಸಿಲಿಗಿಡುವುದು. ಸದುದ್ದೇಶದಿಂದ ಮಾಡುವ ಈ ಕೆಲಸವೇ ಹಲವು ವೇಳೆ ನೀರಿಗಿಂತ ಹೆಚ್ಚು ಹಾನಿಯನ್ನುಂಟುಮಾಡುತ್ತದೆ. ಮರವು ನೀರನ್ನು ಹೀರಿದಾಗ ಎಳೆಗಳಿಗೆ ಅಡ್ಡಲಾಗಿ ಉಬ್ಬುತ್ತದೆ. ಬಿಸಿಲಿನಲ್ಲಿ ಅದರ ಹೊರಮೈ ಬೇಗನೆ ಒಣಗಿ ಕುಗ್ಗುತ್ತದೆ. ಒಳಭಾಗ ಮಾತ್ರ ಉಬ್ಬಿಕೊಂಡೇ ಇರುತ್ತದೆ. ಈ ಎಳೆದಾಟದಲ್ಲಿ ಮರ ಸೀಳುತ್ತದೆ. ಅದರ ಮೇಲಿನ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಆದುದರಿಂದ ಗೊಂಬೆಯನ್ನು ಮುಟ್ಟುವ ಮೊದಲು ಅದು ಯಾವ ವಸ್ತುವಿನಿಂದಾದುದು ಎಂಬುದನ್ನು ತಿಳಿಯಬೇಕು. ಆವಿಗೆಯಲ್ಲಿ ಸುಟ್ಟ ಮಣ್ಣು ನೀರಿನಲ್ಲಿ ಮತ್ತೆ ಕೆಸರಾಗದು. ಸುಡದೆ ಒಣಗಿಸಿ ಬಣ್ಣ ಹಚ್ಚಿದ ಮಣ್ಣಿನ ಗೊಂಬೆಯಾದರೋ ಕೈಯಲ್ಲಿಯೇ ಕರಗಿಹೋಗುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಲೇಪವಾಗುತ್ತದೆ. ಅರಗು ನೀರಿನಲ್ಲಿ ಕರಗುವುದಿಲ್ಲ. ಆದರೆ ತೇವ ತಗಲಿದಾಗ ಬಿಳುಪೇರಿ ಮಂಕಾಗಬಹುದು. ಹೊಳಪು ತರಿಸುವ ಆತುರದಿಂದ ಸ್ಪಿರಿಟ್ ಹಚ್ಚಿದರೆ ಲೇಪವೇ ಕರಗಿಹೋಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳ ರಚನೆ ಬೇರೆ. ಅಲ್ಲಿ ಹಗುರವಾದ ಮರದ ಮೇಲೆ ಸೆಣಬಿನ ಚಿಂದಿಯ ಪುಡಿಯನ್ನೂ ಹುಣಸೆ ಬೀಜದ ಅಂಟನ್ನೂ ಕಲಸಿದ ‘ಕಿಟ್ಟ’ವನ್ನು ಮೆತ್ತಿ ರೂಪ ಕೊಡುತ್ತಾರೆ. ನೀರು ತಗಲಿದರೆ ಈ ಅಂಟು ಮೆತ್ತಗಾಗಿ ಸಡಿಲುತ್ತದೆ. ಇಂತಹ ಗೊಂಬೆಯನ್ನು ನೀರಿನಲ್ಲಿ ತೊಳೆಯುವುದು ಅದರ ನಾಶಕ್ಕೆ ದಾರಿ.

ಮೊದಲ ಎರಡು ದಿನಗಳು ಬಹಳ ಮುಖ್ಯವಾದವು. ತೇವವಾಗಿಯೇ ಉಳಿದ ವಸ್ತುವಿನ ಮೇಲೆ ಸುಮಾರು 48 ಗಂಟೆಗಳೊಳಗೆ ಬೂಷ್ಟು ಹಿಡಿಯತೊಡಗುತ್ತದೆ. ಗೊಂಬೆಯನ್ನು ತೋಳು ಹಿಡಿದು ಎತ್ತದೆ, ಅಡಿಯಲ್ಲಿ ತಟ್ಟೆಯನ್ನಾಗಲಿ ಹಲಗೆಯನ್ನಾಗಲಿ ಸೇರಿಸಿ ಎತ್ತಬೇಕು. ಬಣ್ಣ ಬಿಡುವ ಸೀರೆ, ಅಂಗವಸ್ತ್ರಗಳನ್ನು ಮೆಲ್ಲನೆ ಬಿಚ್ಚಿ ಬೇರೆಯಾಗಿ ಹರಡಬೇಕು. ಕಳಚಿದ ಚೂರು ಎಷ್ಟೇ ಚಿಕ್ಕದಾಗಿರಲಿ, ಅದನ್ನು ಆಯಾ ಗೊಂಬೆಯ ಹೆಸರು ಬರೆದ ಪೊಟ್ಟಣದಲ್ಲಿಡಬೇಕು. ನೆರೆಯ ನೀರಿನಲ್ಲಿ ಚರಂಡಿಯ ಹೊಲಸು ಬೆರೆತಿರುವ ಸಂಭವವಿರುವುದರಿಂದ ಕೈಗವಸನ್ನೂ ಮುಖಗವಸನ್ನೂ ಧರಿಸುವುದು ಕ್ಷೇಮ.

ಬೇಗ ಒಣಗಿಸಿದರೆ ಬಿರುಕು, ತಡಮಾಡಿದರೆ ಬೂಷ್ಟು. ಈ ಇಕ್ಕಟ್ಟಿಗೆ ಪರಿಹಾರವೆಂದರೆ ನೆರಳು ಮತ್ತು ಗಾಳಿ. ಗಾಳಿಯಾಡುವ ಕೋಣೆಯಲ್ಲಿ, ಬಿಳಿಯ ಹತ್ತಿಬಟ್ಟೆಯ ಮೇಲೆ ಗೊಂಬೆಗಳನ್ನು ದೂರ ದೂರವಾಗಿ ಇಡಬೇಕು. ಫ್ಯಾನಿನ ಗಾಳಿ ಕೋಣೆಯಲ್ಲಿ ಸುಳಿದಾಡಲಿ, ಆದರೆ ನೇರವಾಗಿ ಗೊಂಬೆಗೆ ಬಡಿಯದಿರಲಿ. ಪೂರ್ತಿಯಾಗಿ ಒಣಗಿದ ಮೇಲೆ, ಬಣ್ಣ ಗಟ್ಟಿಯಾಗಿರುವ ಕಡೆಯಲ್ಲಿ ಮಾತ್ರ, ಮೃದುವಾದ ಕುಂಚದಿಂದ ಧೂಳನ್ನೂ ಬೂಷ್ಟನ್ನೂ ಮನೆಯ ಹೊರಗೆ ತೆಗೆಯಬಹುದು.

ನಿಧಾನವಾಗಿ ಒಣಗಿಸುವುದರ ಮಹತ್ವವನ್ನು ಇಟಲಿಯ ಒಂದು ದುರಂತ ಜಗತ್ತಿಗೆ ತೋರಿಸಿಕೊಟ್ಟಿತು. 1966ರ ನವೆಂಬರ್ 4ರಂದು ಆರ್ನೋ ನದಿಯ ಪ್ರವಾಹ ಫ್ಲಾರೆನ್ಸ್ ನಗರವನ್ನು ಮುಳುಗಿಸಿತು. ಹದಿಮೂರನೆಯ ಶತಮಾನದ ಚಿತ್ರಕಾರ ಚಿಮಾಬೂಯೆ ಮರದ ಮೇಲೆ ರಚಿಸಿದ್ದ ಮಹಾಶಿಲುಬೆ ತನ್ನ ಬಣ್ಣದಲ್ಲಿ ಸುಮಾರು ಶೇಕಡ 60ರಷ್ಟನ್ನು ಕಳೆದುಕೊಂಡಿತು. ತಜ್ಞರು ಅದನ್ನು ಬಿಸಿಲಿಗೊಡ್ಡಲಿಲ್ಲ. ತೇವ ತುಂಬಿದ ಗಾಳಿಯ ಕಟ್ಟಡದಲ್ಲಿರಿಸಿ, ಆ ತೇವವನ್ನು ಕ್ರಮಕ್ರಮವಾಗಿ ಇಳಿಸುತ್ತ ಬಂದರು. ಹತ್ತು ವರ್ಷಗಳ ಅನಂತರ, 1976ರಲ್ಲಿ, ಅದು ಮತ್ತೆ ಜನರ ದರ್ಶನಕ್ಕೆ ದೊರೆಯಿತು. ಅಳಿದ ಭಾಗಗಳಲ್ಲಿ ಅವರು ಹೊಸ ಮುಖವನ್ನು ಬರೆಯಲಿಲ್ಲ. ಉಳಿದ ಬಣ್ಣಗಳಿಗೆ ಹೊಂದುವ ನವಿರಾದ ಗೆರೆಗಳಿಂದ ಆ ಜಾಗವನ್ನು ತುಂಬಿದರು. ದೂರದಿಂದ ನೋಡುವ ಕಣ್ಣಿಗೆ ಆ ಗೆರೆಗಳು ಹಿತವಾಗಿ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಹಳೆಯದು ಯಾವುದು, ಹೊಸದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಮನೆಯ ಗೊಂಬೆಗೂ ಇದೇ ನೀತಿ ಸಲ್ಲುತ್ತದೆ. ಮುಂದೆ ಬೇಕಾದಾಗ ಬಿಡಿಸಬಹುದಾದ ಅಂಟನ್ನೇ ಬಳಸಬೇಕು. ಮಾಡಿದ ದುರಸ್ತಿಯನ್ನು ಬರೆದಿಡಬೇಕು. ಬೆಲೆಬಾಳುವ ಗೊಂಬೆಯಾದರೆ ತಜ್ಞರಿಗೆ ಒಪ್ಪಿಸುವುದು ಲೇಸು. ಮುಖದ ಬಣ್ಣ ಮಾಸಿತೆಂದು ಅಂಗಡಿಯ ಪೇಂಟನ್ನು ಬಳಿದರೆ ಗೊಂಬೆ ಹೊಸದಾಗಿ ಕಾಣಬಹುದು. ಆದರೆ ಅದರ ಕಣ್ಣುಗಳನ್ನು ತಿದ್ದಿದ ಹಳೆಯ ಕುಶಲಿಯ ಕೈಬರಹ ಶಾಶ್ವತವಾಗಿ ಮರೆಯಾಗುತ್ತದೆ. ಮೂರು ತಲೆಮಾರುಗಳ ಕೈ ದಾಟಿ ಬಂದ ವಸ್ತುವಿಗೆ ವಯಸ್ಸಿನ ಗುರುತುಗಳಿರುವುದು ಸಹಜ. ಅವುಗಳನ್ನು ಅಳಿಸುವುದು ಆರೈಕೆಯಲ್ಲ; ನಾಲ್ಕನೆಯ ತಲೆಮಾರಿಗೆ ಅದನ್ನು ಅದಾಗಿಯೇ ತಲುಪಿಸುವುದು ನಿಜವಾದ ಆರೈಕೆ.